ಕ್ಯಾರಿಯೋಫಿಲ್ಲೀನ್ ಬೆನ್ನು ಹತ್ತಿ: ಮೆಣಸು ಮುಗಿಯಿತು, ಇನ್ನು ಲವಂಗ

ಮೆಣಸು, ಲವಂಗ ಎರಡರಲ್ಲೂ ಇರುವ ಕ್ಯಾರಿಯೋಫಿಲ್ಲೀನ್ ಎಂಬ ಪರಿಮಳದ ಅಣುವಿನ ಬೆನ್ನು ಹತ್ತಿದ್ದೇನೆ. ಕಾಳುಮೆಣಸಿನ ಕೆಲಸ ಒಂದು ಹಂತಕ್ಕೆ ಬಂತು. ತರಿತರಿಯಾಗಿ ಕುಟ್ಟಿದ ಮೆಣಸನ್ನು ನೀರಿನಲ್ಲಿ ಕುದಿಸಿ ಆವಿಯನ್ನು ತಣಿಸಿದರೆ, ಹಿಡಿದ ನೀರಿನ ಮೇಲೆ ತೆಳ್ಳಗೆ ಎಣ್ಣೆ ತೇಲುತ್ತದೆ. ಆ ನೀರಿನ ಒಂದು ಹನಿ ನಾಲಿಗೆಗೆ ಸೋಕಿಸಿದೆ. ಬಾಯಿತುಂಬ ಮೆಣಸಿನ ಘಮ, ಖಾರದ ಸುಳಿವೇ ಇಲ್ಲ! ಖಾರದ ಪೈಪರಿನ್ ಆವಿಯೊಂದಿಗೆ ಏಳುವುದಿಲ್ಲ, ಚರಟದಲ್ಲೇ ಕೂತುಬಿಡುತ್ತದೆ. ಪರಿಮಳದ ಲೆಕ್ಕ ಟರ್ಪೀನ್‌ಗಳೆಂಬ, ಗಿಡಗಳ ಸುವಾಸನೆಯ ಅಣುಗಳದ್ದು. ಅವುಗಳಲ್ಲೊಂದಾದ ಕ್ಯಾರಿಯೋಫಿಲ್ಲೀನ್ ಕುದಿಯಲು 260 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಆದರೆ ಅದು ನೀರಿನಲ್ಲಿ ಬೆರೆಯದ ಕಾರಣ ಎರಡರ ಆವಿಯ ಒತ್ತಡವೂ ಕೂಡಿಕೊಂಡು, 100 ಡಿಗ್ರಿಯೊಳಗೇ ಹೊರಟು ಬರುತ್ತದೆ.

ಎಣ್ಣೆಯನ್ನು ಕಾಗದದ ಪಟ್ಟಿಗೆ ಹಚ್ಚಿ ಮೂಸುತ್ತಾ ಹೋದೆ. ಮೊದಲು ಮೂಗಿಗೆ ಬಡಿಯುವುದು ಪೈನೀನ್, ಲಿಮೊನೀನ್: ದೇವದಾರು, ನಿಂಬೆಸಿಪ್ಪೆಯ ಚುರುಕು. 10 ಇಂಗಾಲದ ಹಗುರ ಅಣುಗಳು, ಬೇಗ ಹಾರಿಹೋಗುತ್ತವೆ. ಮರುದಿನ ಪಟ್ಟಿಯಲ್ಲಿ ಉಳಿದದ್ದು ಒಣಮರದ, ತುಸು ಲವಂಗದ ಗಂಧ. 15 ಇಂಗಾಲದ ಕ್ಯಾರಿಯೋಫಿಲ್ಲೀನ್‌ನ ಗುರುತು ಅದೇ. ನನಗೆ ಬೇಕಿದ್ದುದೂ ಅದೇ.

ಇದು ಹಾಪ್ಸ್, ರೋಸ್‌ಮರಿ, ಓರೆಗಾನೊ, ಕೊಪೈಬಾ ಮರದ ರಾಳ, ಗಾಂಜಾ ಗಿಡಗಳಲ್ಲೂ ಇದೆ. ಗಾಂಜಾದ ನಂಟು ಬರೀ ವಾಸನೆಯದಲ್ಲ. 2008ರಲ್ಲಿ ಸಂಶೋಧಕ ಯುರ್ಗ್ ಗೆರ್ಟ್ಶ್ ಮತ್ತು ಸಂಗಡಿಗರು, ಈ ಅಣು ನಮ್ಮ ದೇಹದ ಸಿಬಿ2 ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ ಎಂದು ತೋರಿಸಿದರು. ಗಾಂಜಾದ ಅಣುಗಳು ಬಂದು ಕೂರುವ, ಜೀವಕೋಶಗಳ ಮೇಲಿನ ಎರಡು ಬಾಗಿಲುಗಳೇ ಸಿಬಿ1, ಸಿಬಿ2. ಅಮಲೇರಿಸುವ ದಾರಿಯಾದ ಸಿಬಿ1ರ ಗೊಡವೆಗೆ ಇದು ಹೋಗುವುದಿಲ್ಲ. ಬಾಯಿಯ ಮೂಲಕ ಕೊಟ್ಟಾಗ ಇಲಿಗಳ ಉರಿಯೂತ ಇಳಿಯಿತು. ಸಿಬಿ2 ಇಲ್ಲದ ಇಲಿಗಳಲ್ಲಿ ಇಳಿಯಲಿಲ್ಲ. ನನಗೆ ಬಹಳ ಹಿಡಿಸಿದ್ದು ಈ ಎರಡನೇ ಭಾಗ, ಪರಿಣಾಮ ಯಾವ ಬಾಗಿಲಿನಿಂದ ಬಂತೆಂದು ಖಚಿತವಾಗುವುದು ಅಲ್ಲೇ. ಹಾಗೆಂದು ಮೆಣಸಿನೆಣ್ಣೆ ಮೂಸಿದರೆ ಕೀಲುನೋವು ಹೋಗುತ್ತದೆ ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಇಲಿಗೆ ಅಳೆದು ಕುಡಿಸಿದ ಪ್ರಮಾಣವೇ ಬೇರೆ, ಮೂಗಿಗೆ ತಾಗುವ ಆವಿಯೇ ಬೇರೆ.

ಎಣ್ಣೆಯನ್ನು ಪುಟ್ಟ ಕಂದು ಬಾಟಲಿಯಲ್ಲಿ ಕಂಠಮಟ್ಟ ತುಂಬಿ ತಂಪಿನಲ್ಲಿಟ್ಟಿದ್ದೇನೆ. ಗಾಳಿ ಸೋಕಿದರೆ ಅದರಲ್ಲಿರುವ ಕ್ಯಾರಿಯೋಫಿಲ್ಲೀನ್, ಕ್ಯಾರಿಯೋಫಿಲ್ಲೀನ್ ಆಕ್ಸೈಡ್ ಆಗುತ್ತಾ ಹೋಗುತ್ತದೆ.

ಮುಂದಿನ ಸರದಿ ಲವಂಗದ್ದು. ಅದರ ಎಣ್ಣೆಯಲ್ಲಿ ಲವಂಗದ ಮುಖ್ಯ ಪರಿಮಳವಾದ ಯೂಜೆನಾಲ್‌ನದೇ ದರ್ಬಾರು, ಎಣ್ಣೆ ನೀರಿನಲ್ಲಿ ಮುಳುಗುವುದೂ ಅದರಿಂದಲೇ. ಸೋಡಿಯಂ ಹೈಡ್ರಾಕ್ಸೈಡ್‌ನ ತೆಳು ದ್ರಾವಣದಲ್ಲಿ ಕುಲುಕಿದರೆ ಯೂಜೆನಾಲ್ ಲವಣವಾಗಿ ನೀರಿಗಿಳಿಯುತ್ತದೆ, ಮೇಲೆ ತೇಲುವ ಪದರದಲ್ಲಿ ಹೆಚ್ಚಿನ ಪಾಲು ಕ್ಯಾರಿಯೋಫಿಲ್ಲೀನ್ ಇರಬೇಕು. ಕನ್ನಡಕ, ಕೈಗವಸು, ಬೇರ್ಪಡಿಸುವ ಆಲಿಕೆ ಸಿದ್ಧವಾಗಿವೆ. ಆ ಪದರವನ್ನೂ ಪಟ್ಟಿಗೆ ಹಚ್ಚಿ, ಮೆಣಸಿನ ಪಟ್ಟಿಯ ಪಕ್ಕದಲ್ಲೇ ಇಟ್ಟು ಮೂಸಿ ನೋಡುವವನಿದ್ದೇನೆ.