ಗೆರೆಗೆ ತುಸು ಈಚೆ ನಿಂತ ಕಾರು

ಈ ವಾರ ಅಮೆರಿಕದ ಡೇಟೋನಾ ಕಾರ್ ರೇಸಿನ ಹಳೇ ಫಲಿತಾಂಶಗಳನ್ನು ಓದುತ್ತಿದ್ದಾಗ 1962ರ ಸಾಲಿನಲ್ಲಿ ನೆಟ್ಟ ಕಣ್ಣು ಇನ್ನೂ ಅಲ್ಲೇ ಇದೆ. ಗೆದ್ದವನು ಡ್ಯಾನ್ ಗರ್ನಿ, ಕಾರು ಲೋಟಸ್ 19. ಗೆಲ್ಲುವ ಹೊತ್ತಿಗೆ ಆ ಕಾರಿನ ಎಂಜಿನ್ ಸತ್ತುಹೋಗಿತ್ತು ಅನ್ನುವುದು ಪಟ್ಟಿಯಲ್ಲಿಲ್ಲ.

ಆಗಿನ್ನೂ ಅದು ಮೂರು ಗಂಟೆಯ ರೇಸ್. ಕೊನೆಯ ನಿಮಿಷಗಳಲ್ಲಿ ಎಂಜಿನ್ ಕೈಕೊಟ್ಟಿತು. ಗರ್ನಿ ಟ್ರ್ಯಾಕಿನ ಎತ್ತರದ ಅಂಚಿಗೆ ಕಾರು ತಂದು, ಮುಕ್ತಾಯದ ಗೆರೆಗೆ ತುಸು ಈಚೆ ನಿಲ್ಲಿಸಿದ. ಕಾದ. ಗಡುವು ಮುಗಿದು ಬಾವುಟ ಬೀಸಿದ ಮೇಲೆ ಗೆರೆ ದಾಟಿಸಿದ.

ಅವಸರಪಟ್ಟು ಮೊದಲೇ ದಾಟಿದ್ದರೆ ಮತ್ತೊಂದು ಸುತ್ತು ಬರಬೇಕಿತ್ತು, ಅದು ಸಾಧ್ಯವೇ ಇರಲಿಲ್ಲ. ಕೆಳಗಿನ ಅಂಚಿನಲ್ಲಿ ನಿಲ್ಲಿಸಿದ್ದರೆ ಕಾರು ಉರುಳುತ್ತಿರಲಿಲ್ಲ. ಡೇಟೋನಾದಲ್ಲಿ ಆರಂಭಕ್ಕೂ ಮುಕ್ತಾಯಕ್ಕೂ ಒಂದೇ ಆದ ಆ ಗೆರೆ ಇರುವ ಜಾಗವೂ ಸಮತಟ್ಟಲ್ಲ. ಅಲ್ಲಿ 18 ಡಿಗ್ರಿ ಓರೆ, ಅಂದರೆ ಹತ್ತು ಅಡಿ ಅಗಲಕ್ಕೆ ಮೂರೂಕಾಲು ಅಡಿ ಏರು. ಮೇಲಿನ ಅಂಚಿನಲ್ಲಿ ನಿಂತು ಸ್ಟೀರಿಂಗ್ ಎಡಕ್ಕೆ ತಿರುಗಿಸಿ ಬ್ರೇಕ್ ಬಿಟ್ಟರೆ ಕಾರು ಓರೆಯಾಗಿ ಇಳಿಯುತ್ತಾ ಮುಂದಕ್ಕೂ ಹೋಗುತ್ತದೆ. ಸ್ಟಾರ್ಟರ್ ಮೋಟಾರನ್ನೂ ಬಳಸಿದ ಅನ್ನುತ್ತಾರೆ. ಪೆಟ್ರೋಲ್ ಮುಗಿದ ಕಾರನ್ನು ಗೇರಿಗೆ ಹಾಕಿ ಕೀಲಿ ತಿರುಗಿಸುತ್ತಾ ರೈಲ್ವೆ ಗೇಟು ದಾಟಿಸುವುದು ನಮ್ಮ ಹಳೇ ಡ್ರೈವರುಗಳಿಗೂ ಗೊತ್ತಿದ್ದ ವಿದ್ಯೆ. ಗರ್ನಿ ಮಾಡಿದ್ದನ್ನು ಕುಯುಕ್ತಿ ಅನ್ನುವವರ ಮಾತು ಒಪ್ಪುವುದು ಕಷ್ಟ. ಸತ್ತ ಎಂಜಿನ್ ಹಿಂದಿಟ್ಟುಕೊಂಡು ಓರೆಯನ್ನೂ ಗಡಿಯಾರವನ್ನೂ ಒಟ್ಟಿಗೆ ಲೆಕ್ಕ ಹಾಕುವ ತಲೆ ಎಷ್ಟು ಜನಕ್ಕಿರುತ್ತದೆ?

ಬಿಲ್ ಫ್ರಾನ್ಸ್ ಕಟ್ಟಿಸಿ 1959ರಲ್ಲಿ ತೆರೆದ ಈ ಟ್ರ್ಯಾಕಿನ ತಿರುವುಗಳಲ್ಲಿ ಓರೆ 31 ಡಿಗ್ರಿ, ಹತ್ತು ಅಡಿಗೆ ಆರು ಅಡಿ ಏರು. ಅಷ್ಟು ಮಣ್ಣು ಒಳಮೈದಾನವನ್ನೇ ಅಗೆದು ತೆಗೆದದ್ದು. ಆ ಗುಂಡಿ ಈಗ ಲೇಕ್ ಲಾಯ್ಡ್ ಎಂಬ ಕೆರೆ.

1966ರಿಂದ ರೇಸ್ 24 ಗಂಟೆಯದಾಯಿತು. ಮೊದಲ ವರ್ಷ ಫೋರ್ಡ್ ಓಡಿಸಿ ಗೆದ್ದವರು ಕೆನ್ ಮೈಲ್ಸ್ ಮತ್ತು ಲಾಯ್ಡ್ ರೂಬಿ. ಈಗ ಜನವರಿ ಕೊನೆಗೆ ನಡೆಯುವುದರಿಂದ ಹದಿಮೂರು ಗಂಟೆಯಷ್ಟು ಕತ್ತಲೆ. ಕಾರಿನ ಕಷ್ಟವೆಲ್ಲ ಅಲ್ಲಿದೆ. 5.73 ಕಿ.ಮೀ. ಸುತ್ತಿನಲ್ಲಿ 'ಬಸ್ ಸ್ಟಾಪ್' ಎಂದು ಕರೆಯುವ ಅಂಕುಡೊಂಕು ದಾಟಿದರೆ ಓರೆ ತಿರುವು, ಮುಂದೆ ಆರಂಭದ ಗೆರೆ, ಮೊದಲನೇ ತಿರುವಿನವರೆಗೂ ಆಕ್ಸಿಲರೇಟರ್ ಬಿಡುವಂತಿಲ್ಲ. ಆ ಓಟದಲ್ಲಿ ತಣ್ಣನೆ ಗಾಳಿಗೆ ಬ್ರೇಕ್ ಡಿಸ್ಕ್ ಆರಿಹೋಗುತ್ತದೆ. ಮೊದಲನೇ ತಿರುವಿಗೆ ಪೆಡಲ್ ಒತ್ತಿದರೆ ಪ್ಯಾಡ್ ತಕ್ಷಣ ಕಚ್ಚುವುದಿಲ್ಲ. ಅದಕ್ಕೇ ರಾತ್ರಿ ಬ್ರೇಕಿಗೆ ಗಾಳಿ ಹೋಗುವ ಕೊಳವೆಯ ಬಾಯಿಗೆ ಟೇಪ್ ಅಂಟಿಸುತ್ತಾರೆ. ಜಾಸ್ತಿ ಮುಚ್ಚಿದರೆ ಬ್ರೇಕ್ ಆಯಿಲ್ ಕುದಿದು ಪೆಡಲ್ ಕೆಳಗಿಳಿಯುತ್ತದೆ. ಬಿಸಿಲೇರಿದಾಗ ಆ ಟೇಪ್ ಕಿತ್ತುಹಾಕಲು ಮರೆತರೂ ಅದೇ ಗತಿ. ಟೈರನ್ನು ಮೊದಲೇ ಬಿಸಿ ಮಾಡಿ ಹಾಕಲು ಅನುಮತಿಯಿಲ್ಲ. ಟೈರು ಬದಲಿಸುವ ಜಾಗವಾದ ಪಿಟ್‌ನಿಂದ ಹೊಸ ಟೈರಿನಲ್ಲಿ ಹೊರಟ ಕಾರು ಮೊದಲ ಸುತ್ತಿನಲ್ಲಿ ಎಣ್ಣೆ ಮೇಲೆ ಓಡಿದ ಹಾಗೆ ಜಾರುತ್ತದೆ. ಓರೆಯಲ್ಲಿ ಇಡೀ ಕಾರು ಕೆಳಕ್ಕೆ ಅಮುಕಿಕೊಳ್ಳುತ್ತದೆ, ಎಂಜಿನ್ ಆಯಿಲ್ ಒಂದು ಮಗ್ಗುಲಿಗೆ ಸರಿಯುತ್ತದೆ. ಪಂಪು ಒಂದು ಕ್ಷಣ ಗಾಳಿ ಎಳೆದರೆ ಬೇರಿಂಗ್ ಹೋಯಿತು ಅಂತಲೇ ಲೆಕ್ಕ.

ಇಷ್ಟೆಲ್ಲ ಕಾಯ್ದುಕೊಂಡು ಬಂದ ಕಾರು ಕೊನೇ ಸುತ್ತಿನಲ್ಲಿ ನಿಂತರೆ ಇವತ್ತು ಗರ್ನಿಯ ದಾರಿ ಇಲ್ಲ. ಅವನ ಆ ಗೆಲುವಿನ ನಂತರವೇ, ಕಾರು ತನ್ನ ಎಂಜಿನ್ ಬಲದಿಂದಲೇ ಗೆರೆ ದಾಟಬೇಕು ಅನ್ನುವ ನಿಯಮ ಬಂತು. ನಿಯಮ ನ್ಯಾಯವಾದದ್ದೇ. ಆದರೂ ಕಣ್ಣಿಗೆ ಮತ್ತೆ ಮತ್ತೆ ಕಟ್ಟುವುದು ಒಂದೇ ಚಿತ್ರ: ಎತ್ತರದ ಅಂಚಿನಲ್ಲಿ ಸದ್ದಿಲ್ಲದೆ ನಿಂತ ಆ ಪುಟ್ಟ ಲೋಟಸ್, ಬ್ರೇಕಿನ ಮೇಲೆ ಕಾಲಿಟ್ಟು ಬಾವುಟದ ಕಡೆಗೇ ನೋಡುತ್ತಿರುವ ಗರ್ನಿ.