ಮಾತ್ರೆನಾ, ಪ್ರಾರ್ಥನೆನಾ? ಈ ಜಗಳ ಯಾಕೆ ಅಂತ ನಂಗಿನ್ನೂ ಗೊತ್ತಾಗಿಲ್ಲ

ಕುಡಿತ ಬಿಡೋ ಮಾತು ಬಂದ್ರೆ ಸಾಕು, ಜನ ಎರಡು ಪಾರ್ಟಿ ಆಗ್ಬಿಡ್ತಾರೆ. ಒಬ್ರು ಇದೆಲ್ಲ ಮೆದುಳಿನ ಕಾಯಿಲೆ, ಡೋಪಮೈನ್ ಅನ್ನೋ ಮೆದುಳಿನ ರಾಸಾಯನಿಕದ ಆಟ, ದೇವ್ರು ಗೀವ್ರು ಟೈಮ್ ವೇಸ್ಟ್ ಅಂತಾರೆ. ಇನ್ನೊಬ್ರು ಮನಸ್ಸು ಗಟ್ಟಿ ಮಾಡ್ಕೊಂಡು ದೇವ್ರ ಮೇಲೆ ಭಾರ ಹಾಕು, ಡಾಕ್ಟ್ರು ಯಾಕೆ ಅಂತಾರೆ. ನಂಗೆ ಈ ಎರಡನೇ ಪಾರ್ಟಿ ಮೇಲೆ ಸ್ವಲ್ಪ ಜಾಸ್ತಿ ಸಿಟ್ಟು, ಯಾಕಂದ್ರೆ ಅಲ್ಲಿ ಜೀವಾನೇ ಹೋಗ್ಬಹುದು.

ವರ್ಷಗಟ್ಟಲೆ ದಿನಾ ಜಾಸ್ತಿ ಕುಡ್ದವರು ದಿಢೀರಂತ ನಿಲ್ಸಿದ್ರೆ ಏನಾಗುತ್ತೆ ಗೊತ್ತಾ? ಆಲ್ಕೋಹಾಲ್ ಮೆದುಳನ್ನ ಮಂಕು ಮಾಡ್ತಾನೇ ಇರುತ್ತೆ, ಅದಕ್ಕೆ ಎದುರಾಗಿ ಮೆದುಳು ತನ್ನ ವೇಗ ಏರಿಸ್ಕೊಂಡು ಕೂತಿರುತ್ತೆ, ಕುಡಿತ ನಿಂತ ತಕ್ಷಣ ಆ ಏರಿದ ವೇಗ ಮಾತ್ರ ಉಳಿಯುತ್ತೆ. ಮೊದ್ಲು ಕೈ ನಡುಕ, ಬೆವರು, ನಿದ್ದೆ ಇಲ್ಲ, ಕೆಲವರಿಗೆ ಒಂದೆರಡು ದಿನದೊಳಗೆ ಫಿಟ್ಸ್, ಆಮೇಲೆ ಗೋಡೆ ಮೇಲೆ ಇಲ್ದಿರೋ ಹುಳ ಕಾಣ್ಸೋದು, ತಾನೆಲ್ಲಿದೀನಿ ಅಂತಾನೇ ಗೊತ್ತಾಗ್ದಿರೋದು. ಇದಕ್ಕೆ ಡೆಲಿರಿಯಮ್ ಟ್ರೆಮೆನ್ಸ್ ಅಂತಾರೆ. ಆ ಹೊತ್ತಲ್ಲಿ ಬೇಕಾಗಿರೋದು ಆಸ್ಪತ್ರೆ, ಫಿಟ್ಸ್ ತಡೆಯೋ ಔಷಧಿ, ವಿಟಮಿನ್ ಬಿ1 ಇಂಜೆಕ್ಷನ್. ಭಜನೆ ಆಮೇಲೆ ಮಾಡೋಣ ಬಿಡಿ.

ಆದ್ರೆ ವಿಜ್ಞಾನದ ಪಾರ್ಟಿಯವರೂ ಹಳೇ ಕಥೆ ಸ್ವಲ್ಪ ಓದ್ಬೇಕು. ಕುಡಿತ ಬಿಡ್ಬೇಕು ಅನ್ನೋರು ಒಟ್ಟಿಗೆ ಕೂತು, ದೇವ್ರ ಮೇಲೆ ಭಾರ ಹಾಕಿ, ಒಬ್ರಿಗೊಬ್ರು ಆಸರೆ ಆಗೋ ಸಂಸ್ಥೆ ಆಲ್ಕೋಹಾಲಿಕ್ಸ್ ಅನಾನಿಮಸ್. ಅದು ಶುರುವಾಗಿದ್ದು 1935ರಲ್ಲಿ, ಅಮೆರಿಕದ ಆಕ್ರನ್‌ನಲ್ಲಿ. ಶುರು ಮಾಡಿದ್ದು ಬಿಲ್ ವಿಲ್ಸನ್ ಮತ್ತೆ ಡಾಕ್ಟರ್ ಬಾಬ್ ಸ್ಮಿತ್, ಇಬ್ರೂ ಕುಡಿತದ ಚಟ ಇದ್ದವ್ರೇ, ಈ ಬಾಬ್ ಸ್ವತಃ ಸರ್ಜನ್. ಬಿಲ್‌ಗೆ ಇದು ಕಾಯಿಲೆ ಕಣಪ್ಪ, ನಿನ್ನ ಗುಣದ ದೋಷ ಅಲ್ಲ ಅಂತ ತಲೆಗೆ ಹತ್ಸಿದ್ದು ಸಿಲ್ಕ್‌ವರ್ತ್ ಅನ್ನೋ ಡಾಕ್ಟ್ರು. ಇನ್ನೊಂದು ಕಡೆ ಮನೋವೈದ್ಯ ಕಾರ್ಲ್ ಯೂಂಗ್ ತಮ್ಮ ಒಬ್ಬ ಪೇಷೆಂಟ್‌ಗೆ ನನ್ನ ಚಿಕಿತ್ಸೆಯಿಂದ ಇನ್ನು ಆಗಲ್ಲ, ಆಧ್ಯಾತ್ಮಿಕ ಅನುಭವ ಏನಾದ್ರೂ ಆದ್ರೆ ಉಂಟು ಅಂದಿದ್ರು, ಆ ಮಾತೂ ಸುತ್ತಿ ಬಳಸಿ ಬಿಲ್ ಕಿವಿಗೆ ಬಿತ್ತು. ಅಂದ್ರೆ ಡಾಕ್ಟ್ರು ದೇವ್ರ ಕಡೆ ಕೈ ತೋರ್ಸಿದಾರೆ, ದೇವ್ರನ್ನ ನಂಬಿದವ್ರು ಡಾಕ್ಟ್ರ ಮಾತು ಕೇಳಿದಾರೆ! ಹೆರಾಯಿನ್ ಚಟಕ್ಕೆ ಮೆಥಡೋನ್ ಅನ್ನೋ ಬದಲಿ ಔಷಧಿಯ ಚಿಕಿತ್ಸೆ ತಂದ ವಿನ್ಸೆಂಟ್ ಡೋಲ್ ಆಮೇಲೆ ಅದೇ ಸಂಸ್ಥೆಯಲ್ಲಿ ಟ್ರಸ್ಟಿ ಆಗಿದ್ರು, ಕುಡಿತಕ್ಕೂ ಇಂಥದ್ದೊಂದು ಔಷಧಿ ಹುಡುಕಿ ಅಂತ ಬಿಲ್ ಅವ್ರನ್ನ ಕೇಳ್ಕೊಂಡಿದ್ರಂತೆ.

ಇಷ್ಟೆಲ್ಲ ಇದ್ರೂ ನಮ್ಮ ಹತ್ತಿರದವ್ರೊಬ್ರಿಗೆ ಇಂಥ ಗುಂಪಿನ ಮೀಟಿಂಗ್‌ನಲ್ಲಿ ಯಾರೋ ಹೇಳಿದ್ದೇನು ಅಂದ್ರೆ, "ಮಾತ್ರೆ ತಗೊಳ್ತಾ ಇದ್ರೆ ಬಿಟ್ಟ ಲೆಕ್ಕ ಅಲ್ಲ." ಅವ್ರು ತಗೊಳ್ತಿದ್ದಿದ್ದು ನಾಲ್ಟ್ರೆಕ್ಸೋನ್. ಅದರಿಂದ ಅಮಲು ಬರಲ್ಲ, ಚಟ ಹತ್ತಲ್ಲ, ಕುಡಿದಾಗ ಸಿಗೋ ಕಿಕ್ ಕಮ್ಮಿ ಮಾಡುತ್ತೆ ಅಷ್ಟೇ. ಸದಸ್ಯರು ಯಾರೂ ಡಾಕ್ಟ್ರ ಕೆಲಸಕ್ಕೆ ಕೈ ಹಾಕ್ಬಾರ್ದು ಅಂತ ಸಂಸ್ಥೆಯ ಕೈಪಿಡಿಯಲ್ಲೇ ಇದೆ, ಓದೋರ್ಯಾರು?

ಹಾಗಂತ ಮಾತ್ರೆಯಿಂದ ಎಲ್ಲ ಆಗುತ್ತಾ? ಇಲ್ಲ. ಸಂಜೆ ಏಳು ಗಂಟೆ ಆಗುತ್ತೆ, ಕುಡಿಯೋ ಫ್ರೆಂಡ್ಸ್ ಬಿಟ್ರೆ ಬೇರೆ ಫ್ರೆಂಡ್ಸೇ ಇಲ್ಲ, ಕೈಗೆ ಕೆಲಸ ಇಲ್ಲ, ತಲೆ ತುಂಬ ಹಳೇ ನಾಚಿಕೆ. ಆ ಹೊತ್ತಿಗೆ ಫೋನ್ ಮಾಡಿದ್ರೆ ಎತ್ತೋ ಒಬ್ಬ ಮನುಷ್ಯ ಬೇಕು, ಮಾಡಿದ ತಪ್ಪನ್ನ ಒಪ್ಕೊಂಡು ಕೂರೋಕೆ ಒಂದು ಜಾಗ ಬೇಕು. ವೈದ್ಯಕೀಯ ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ಪರಿಶೀಲಿಸೋ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆಯಲ್ಲಿ 27 ಅಧ್ಯಯನ, 10 ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ನೋಡಿದ್ರು. ಪೂರ್ತಿ ಕುಡಿತ ಬಿಟ್ಟು ಇರೋ ವಿಷಯದಲ್ಲಿ, ಜನರನ್ನ ಆಲ್ಕೋಹಾಲಿಕ್ಸ್ ಅನಾನಿಮಸ್ ಗುಂಪುಗಳಿಗೆ ಸೇರ್ಸೋ ವ್ಯವಸ್ಥಿತ ಚಿಕಿತ್ಸೆ ಬೇರೆ ಕೌನ್ಸೆಲಿಂಗ್‌ಗಿಂತ ಮುಂದೇನೇ ಇತ್ತು. ದೇವ್ರನ್ನ ನಂಬದವ್ರಿಗೆ ಗುಂಪೇ ದೇವ್ರು ಅಂದ್ಕೊಂಡ್ರೂ ನಡೆಯುತ್ತೆ, ಅದಕ್ಕೆ ಯಾರೂ ಏನೂ ಅನ್ನಲ್ಲ.

ಹೆರಾಯಿನ್ ಥರದ ಚಟ ಇದ್ದೋರು ಮಾತ್ರ ಇನ್ನೂ ಹುಷಾರಾಗಿರ್ಬೇಕು. ಯಾರದೋ ಮಾತು ಕೇಳಿ ಮೆಥಡೋನ್ ಬಿಟ್ಟು, ಆಮೇಲೆ ಒಂದ್ಸಲ ಜಾರಿದ್ರೆ, ದೇಹಕ್ಕೆ ಹಳೇ ಡೋಸ್ ತಡ್ಕೊಳ್ಳೋ ಶಕ್ತಿ ಇರಲ್ಲ, ಅದೇ ಪ್ರಾಣಕ್ಕೆ ಕುತ್ತು. ಅದಕ್ಕೇ ಯಾವ್ದೇ ಗುಂಪಿಗೆ ಸೇರೋ ಮುಂಚೆ ಮೊದಲ ದಿನಾನೇ ಕೇಳ್ಬಿಡಿ, ಡಾಕ್ಟ್ರು ಕೊಟ್ಟ ಔಷಧಿ ತಗೊಳ್ಳೋರನ್ನ ಇಲ್ಲಿ ಹೇಗೆ ನೋಡ್ತೀರಾ ಅಂತ. ಉತ್ತರ ಕೊಡೋಕೆ ತಡವರಿಸಿದ್ರೆ ಬೇರೆ ಗುಂಪು ನೋಡ್ಕೊಳ್ಳಿ.