ಮಾಣಿಯ ಮಿಷಿನ್, 1,460 ರೂಪಾಯಿ

ಅಪ್ಪಯ್ಯನ ಲೆಕ್ಕದ ಪುಸ್ತಕದಲ್ಲಿ ಹೋದ ವರ್ಷದ ಒಂದು ಸಾಲು ಹೀಗಿದೆ: ‘ಮಾಣಿಯ ಮಿಷಿನ್ – 1,460’. ಮೇಲೆ ಅಡಿಕೆ ಕೊನೆ ಇಳಿಸುವ ಕೊನೆಗೌಡನ ಕೂಲಿ, ಕೆಳಗೆ ಗೊಬ್ಬರದ ದುಡ್ಡು. ಆ ಮಾಣಿ ನಾನೇ. ವಯಸ್ಸು ಮೂವತ್ತೆಂಟಾದರೂ ಮನೆಯಲ್ಲಿ ಮಾಣಿಯೇ.

ಮಿಷಿನ್ ಅಂದರೆ ದೊಡ್ಡದೇನಲ್ಲ. ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಸಿಗುವ ಊರು. ಬೇಯಿಸಿದ ಅಡಿಕೆ ಅಂಗಳದಲ್ಲಿ ಹರವೋಣ ಅಂದರೆ ಮಳೆ ಬಿಡೋದಿಲ್ಲ. ಅದಕ್ಕೇ ಒಂದು ಡ್ರೈಯರ್ ರೂಮು ಮಾಡಿಕೊಂಡಿದ್ದೇವೆ. ಹೊರಗೆ ಸೌದೆ ಒಲೆ, ಬಿಸಿ ಗಾಳಿಯನ್ನು ಒಳಗೆ ತಳ್ಳಲು ಒಂದು ಬ್ಲೋವರ್. ಒಳಗೆ 60 ಡಿಗ್ರಿ ದಾಟಿದರೆ ಬ್ಲೋವರ್ ನಿಲ್ಲಬೇಕು, ಇಳಿದರೆ ಮತ್ತೆ ತಿರುಗಬೇಕು. ಅಷ್ಟಕ್ಕೆ ನಾವು ಬರೆದ ಪ್ರೋಗ್ರಾಮಿನಂತೆ ನಡೆಯುವ ಆರ್ಡುಯಿನೊ ನ್ಯಾನೋ ಅನ್ನುವ ಪುಟ್ಟ ಬೋರ್ಡು, ಬಿಸಿ ಅಳೆಯಲು ಒಂದು ಡಿಎಸ್18ಬಿ20 ಸೆನ್ಸರ್, ಬ್ಲೋವರ್ ಹಾಕಿ ಆರಿಸುವ ಸ್ವಿಚ್ಚಾಗಿ ಒಂದು ರಿಲೇ ಸೇರಿಸಿ ಡಬ್ಬಿ ಮಾಡಿದ್ದೆ. ಎರಡು ಕೊಯ್ಲು ಚೆನ್ನಾಗಿ ನಡೆಯಿತು. ಆಮೇಲೆ ಸಿಡಿಲು ಬಡಿದು ಬೋರ್ಡೂ ಸೆನ್ಸರೂ ಸುಟ್ಟವು.

ಸುಟ್ಟದ್ದು ಅಸಲಿ ಬೋರ್ಡು, ಎರಡು ಸಾವಿರದ ಹತ್ತಿರ ಕೊಟ್ಟಿದ್ದೆ. ಈ ಸಲ ಆನ್‌ಲೈನ್‌ನಲ್ಲಿ ಹುಡುಕಿದರೆ ಅದೇ ನೀಲಿ ಬಣ್ಣ, ತಂತಿ ಬೆಸೆಯುವ ಅದೇ ಮೂವತ್ತು ಪಿನ್ನು, ಬೆಲೆ 210 ರೂಪಾಯಿ! ಐದು ತರಿಸಿದೆ. ಸೆನ್ಸರ್ ಐದಕ್ಕೆ 410. ಅಪ್ಪಯ್ಯ ಬರೆದ 1,460 ಇದೇ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಅಸಲಿಯಂಥದೇ ಬೋರ್ಡನ್ನು ಬೇರೆಯವರು ಮಾಡುವುದು ಕಳ್ಳತನ ಅಲ್ಲ. 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ಆರ್ಡುಯಿನೊ ಶುರುವಾದಾಗಿಂದ ಅದರ ನಕ್ಷೆ ಎಲ್ಲರಿಗೂ ತೆರೆದೇ ಇದೆ. ಯಾರು ಬೇಕಾದರೂ ಮಾಡಿ ಮಾರಬಹುದು. ಅವರ ಹೆಸರು, ಗುರುತು ಹಾಕಿದರೆ ಮಾತ್ರ ಮೋಸ. ಯುಎಸ್‌ಬಿ ಮೂಲಕ ಕಂಪ್ಯೂಟರ್ ಜೊತೆ ಮಾತಾಡಲು ದುಬಾರಿ ಚಿಪ್ ಬಿಟ್ಟು ಅಗ್ಗದ ಸಿಎಚ್340 ಹಾಕಿದರೂ ಅದು ಖೋಟಾ ಅಲ್ಲ, ತನ್ನದೇ ಹೆಸರಿನ ಬೇರೆ ಚಿಪ್ಪು. ಎಫ್‌ಟಿಡಿಐ ಕಂಪನಿಯ ಚಿಪ್ ಅಂತ ಸುಳ್ಳು ಹೆಸರು ಹೊತ್ತು ಬರುವವು ಬೇರೆ. 2014ರಲ್ಲಿ ಆ ಕಂಪನಿಯ ವಿಂಡೋಸ್ ಡ್ರೈವರ್ (ಚಿಪ್ಪನ್ನು ಕಂಪ್ಯೂಟರಿಗೆ ಪರಿಚಯಿಸುವ ಸಾಫ್ಟ್‌ವೇರ್) ಅಂಥ ಚಿಪ್‌ಗಳ ಗುರುತಿನ ನಂಬರನ್ನೇ ಸೊನ್ನೆ ಮಾಡಿಬಿಟ್ಟಿತ್ತು. ಕಂಪ್ಯೂಟರಿಗೆ ಅವುಗಳ ಪರಿಚಯವೇ ಸಿಗದ ಹಾಗಾಯಿತು. ಕಷ್ಟ ಯಾರಿಗೆ? ಗೊತ್ತಿಲ್ಲದೇ ಕೊಂಡವನಿಗೆ.

ನನ್ನ ಐದು ಬೋರ್ಡುಗಳ ಕತೆ ಅಷ್ಟು ದೊಡ್ಡದಲ್ಲ. ಮೊದಲು ಸಿಎಚ್340 ಡ್ರೈವರ್ ಹುಡುಕಿ ಹಾಕಬೇಕಾಯಿತು. ಆಮೇಲೆ ಎರಡು ಬೋರ್ಡು ‘ಪ್ರೋಗ್ರಾಮರ್ ಈಸ್ ನಾಟ್ ರೆಸ್ಪಾಂಡಿಂಗ್’ ಅಂತ ಹಟ ಹಿಡಿದವು. ಕೇಬಲ್ ಬದಲಾಯಿಸಿದೆ, ಲ್ಯಾಪ್‌ಟಾಪ್ ಬದಲಾಯಿಸಿದೆ, ರಾತ್ರಿ ಎರಡು ಗಂಟೆಯವರೆಗೆ ನನ್ನನ್ನೇ ಬೈದುಕೊಂಡೆ. ಕೊನೆಗೆ ನೋಡಿದರೆ ಅವುಗಳಲ್ಲಿದ್ದದ್ದು ಹಳೇ ಬೂಟ್‌ಲೋಡರ್, ಅಂದರೆ ನಾವು ಕಳಿಸಿದ ಪ್ರೋಗ್ರಾಮನ್ನು ಬೋರ್ಡಿಗೆ ಇಳಿಸಿಕೊಳ್ಳುವ ಪುಟ್ಟ ತಂತ್ರಾಂಶ. ಹೊಸದು 115200 ವೇಗದಲ್ಲಿ ಮಾತಾಡಿದರೆ ಹಳೇದು 57600ರಲ್ಲಿ. ಮೆನುವಿನಲ್ಲಿ ಒಂದು ಗೆರೆ ಆರಿಸಿದರೆ ಮುಗೀತು. ಆದರೆ ಒಂದೇ ಪೊಟ್ಟಣದ ಐದರಲ್ಲಿ ಎರಡು ಹೀಗೆ, ಮೂರು ಹಾಗೆ! ಒಳ್ಳೇ ರಾಶಿ ಅಡಿಕೆ ಚೀಲದ ಅಡಿಗೆ ಕಡಿಮೆ ದರ್ಜೆಯ ಗೊರಬಲು ತುಂಬಿದ ಹಾಗೆ. ಇನ್ನೊಂದು ಬೋರ್ಡಿಗೆ 12 ವೋಲ್ಟ್ ಕೊಟ್ಟೆ. 5 ವೋಲ್ಟಿಗೆ ಇಳಿಸುವಾಗ ಉಳಿದ 7 ವೋಲ್ಟೂ ರೆಗ್ಯುಲೇಟರ್‌ನಲ್ಲಿ ಬಿಸಿಯಾಗಿಯೇ ಹೋಗಬೇಕು. ಬೆರಳಿಟ್ಟರೆ ಚುರ್ ಅಂತಿತ್ತು. ವಾರದೊಳಗೆ ಸತ್ತಿತು.

ಅಸಲು ಪೆಟ್ಟು ಬಿದ್ದದ್ದು ಸೆನ್ಸರಿನಿಂದ.

ಡಿಎಸ್18ಬಿ20ಗೆ ಮೂರು ತಂತಿ. ಆದರೆ ಅಸಲಿಯನ್ನು ಎರಡೇ ತಂತಿಯಲ್ಲೂ ನಡೆಸಬಹುದು, ಡೇಟಾ ತಂತಿಯಿಂದಲೇ ಕರೆಂಟ್ ಕದ್ದು ಕೆಲಸ ಮಾಡುತ್ತದೆ. ನಾನು ಹಳೇ ಟೆಲಿಫೋನ್ ವೈರಿನ ಎರಡೆಳೆ ಎಳೆದು ಹಾಗೇ ನಡೆಸಿದ್ದೆ. ಹೊಸ ಸೆನ್ಸರನ್ನು ಮೇಜಿನ ಮೇಲೆ ಮೂರು ತಂತಿಯಲ್ಲಿ ನೋಡಿದೆ, ಸರಿ ತೋರಿಸಿತು. ಶಿವಮೊಗ್ಗದಲ್ಲಿ ಹೆಂಡತಿಯ ತಂಗಿಯ ನಿಶ್ಚಿತಾರ್ಥ, ಬಸ್ಸಿಗೆ ಹೊತ್ತಾಗಿತ್ತು. ಗಡಿಬಿಡಿಯಲ್ಲಿ ಎರಡು ತಂತಿಗೆ ಬೆಸುಗೆ ಹಾಕಿ ಸ್ವಿಚ್ ಒತ್ತಿದೆ. ಪರದೆ ಮೇಲೆ 85 ಅಂತ ಬಂತು. ಆನ್ ಆದ ತಕ್ಷಣ ಈ ಸೆನ್ಸರ್ ತೋರಿಸೋದೇ 85, ಅಳತೆ ಮಾಡಿದ ಮೇಲೆ ಸರಿಯಾಗುತ್ತೆ ಅಂತ ಕೊಡೆ ಹಿಡಿದು ಹೊರಟೆ.

ಅದು ಸರಿಯಾಗಲೇ ಇಲ್ಲ. ನಕಲಿಗಳಲ್ಲಿ ಎಷ್ಟೋ ಎರಡು ತಂತಿಯಲ್ಲಿ ಅಳತೆಯನ್ನೇ ಮುಗಿಸೋದಿಲ್ಲವಂತೆ, ಅದೇ 85 ಹೇಳುತ್ತಾ ಕೂರುತ್ತವೆ. ಬ್ಲೋವರ್ ತಿರುಗಲಿಲ್ಲ. ಎರಡು ರಾತ್ರಿ ನಾನಿಲ್ಲ, ಊರಲ್ಲಿ ನೆಟ್‌ವರ್ಕ್ ಇಲ್ಲ. ಬಂದು ನೋಡಿದರೆ ನಾಲ್ಕು ಹಂಡೆ ಅಡಿಕೆಗೆ ಬೂಷ್ಟು.

“ಎಂತ ಮಾಡೋದು ಮಾರಾಯ, 85 ಅಂತ ತೋರಿಸ್ತಿತ್ತು. ಬಿಸಿ ಜಾಸ್ತಿ ಆಯ್ತು ಅಂತ ಒಲೆಯಿಂದ ಸೌದೆ ಎಳೆದೆ,” ಅಂದರು ಅಪ್ಪಯ್ಯ. “ಅಡಿಕೆ ಮುಟ್ಟಿದರೆ ತಣ್ಣಗೇ ಇತ್ತು. ಆದ್ರೂ ನಿನ್ನ ಮಿಷಿನ್ ಅಲ್ವಾ?”

ನಲವತ್ತು ವರ್ಷದಿಂದ ಕೈಯಲ್ಲಿ ಮುಟ್ಟಿ ಅಡಿಕೆ ಒಣಗಿಸಿದ ಮನುಷ್ಯ! ಬೈದಿದ್ದರೆ ಎಷ್ಟೋ ವಾಸಿ ಇತ್ತು.

ತೊಳೆದು ಮತ್ತೆ ಒಣಗಿಸಿದೆವು. ವ್ಯಾಪಾರಿ ಒಂದನ್ನು ಕತ್ತರಿಸಿ ನೋಡಿ ಕ್ವಿಂಟಾಲಿಗೆ 4,000 ಇಳಿಸಿದ. ಎರಡು ಕ್ವಿಂಟಾಲಿಗೆ 8,000 ಹೋಯಿತು. ಎರಡನೇ ಸಲದ ಸೌದೆ, ಅಮ್ಮ ತೊಳೆಯಲು ಕೂತ ಎರಡು ದಿನ ಲೆಕ್ಕದ ಪುಸ್ತಕದಲ್ಲಿ ಇಲ್ಲ. ನನ್ನ ರಾತ್ರಿಗಳಂತೂ ಯಾವ ಪುಸ್ತಕದಲ್ಲೂ ಇಲ್ಲ. 85 ಬಂದರೆ ನಂಬಬೇಡ ಅಂತ ಕೋಡಿನಲ್ಲಿ ಒಂದು ಸಾಲು ಬರೆಯದೇ ಇದ್ದದ್ದು ನನ್ನದೇ ತಪ್ಪು, ಒಪ್ಪಿಕೊಳ್ತೀನಿ.

ಈಗ ಸೆನ್ಸರ್ ಬಂದ ಕೂಡಲೇ ಅದರೊಳಗೆ ಜೋಡಿ ಜೋಡಿಯಾಗಿ ಬರೆದಿರುವ ಗುರುತಿನ ನಂಬರ್ ಓದಿ ನೋಡ್ತೀನಿ. ಮೊದಲು 28, ಕೊನೆಯ ಜೋಡಿಗೆ ಮುಂಚೆ 00 00 ಇಲ್ಲದಿದ್ದರೆ ಅನುಮಾನ. ಅಗ್ಗದ್ದು ಐದಕ್ಕೆ ಐದೂ ಫೇಲ್! ಡ್ರೈಯರಿಗೆ ಅಧಿಕೃತ ಡೀಲರ್ ಹತ್ತಿರ ಐದು ಪಟ್ಟು ದುಡ್ಡು ಕೊಟ್ಟು ಒಂದು ತಂದೆ, ಮೂರೆಳೆಯ ವೈರು ಎಳೆದೆ. ಉಳಿದ ಅಗ್ಗದ ಬೋರ್ಡುಗಳನ್ನು ಎಸೆದಿಲ್ಲ. ಅವುಗಳಲ್ಲಿ ಒಂದು, ದೀಪಾವಳಿಗೆ ದೀಪದ ಸರ ಕುಣಿಸುತ್ತೆ. ಕೆಟ್ಟರೂ ಯಾರ ನಿದ್ದೆಯೂ ಹೋಗೋದಿಲ್ಲ.

ಅಪ್ಪಯ್ಯ ಮಾತ್ರ ಎಲ್ಲಿಂದಲೋ ಒಂದು ಗಾಜಿನ ಥರ್ಮಾಮೀಟರ್ ತಂದು ಡ್ರೈಯರ್ ಬಾಗಿಲ ಪಕ್ಕ ಮೊಳೆಗೆ ನೇತು ಹಾಕಿದ್ದಾರೆ. ಹೋಗ್ತಾ ಬರ್ತಾ ನಾನೂ ಮೊದಲು ಅದನ್ನೇ ನೋಡ್ತೀನಿ.